ನಾನು ನಾಲ್ವರಿಗೆ ಕರಿಮಣಿ ಕೊಟ್ಟ ಪ್ರಸಂಗ

ಕಳೆದ ವಾರ ನಾನು ನಾಲ್ಕು ಜನ ಹೆಂಗಸರಿಗೆ ಕರಿಮಣಿ ಸರ ಕೊಟ್ಟೆ. ಆಗ ಹೆಂಡತಿ ಊರಿನಲ್ಲಿರಲಿಲ್ಲ.

ಇಷ್ಟನ್ನು ಓದಿ, ಕನ್ನಡಕ ತೆಗೆದು, ಈ ವಯಸ್ಸಿನಲ್ಲಿ ಇವನಿಗೇನು ಬಂತು ಎಂದು ಪಕ್ಕದವರ ಕಡೆ ಪತ್ರಿಕೆ ದಾಟಿಸುವ ಮೊದಲು ನನ್ನ ಹೇಳಿಕೆಯನ್ನು ಪೂರ್ತಿಯಾಗಿ ದಾಖಲಿಸಿಕೊಳ್ಳಬೇಕಾಗಿ ವಿನಂತಿ. ನಾಲ್ವರೂ ಅರವತ್ತರ ಆಸುಪಾಸಿನವರು. ನಾಲ್ವರೂ ನಾನು ಪಾಠ ಮಾಡುತ್ತಿದ್ದ ಕಾಲೇಜಿನವರು. ಕೊಟ್ಟದ್ದು ಹಾಡಹಗಲಿನಲ್ಲಿ, ಮಲ್ಲೇಶ್ವರದ ಹೋಟೆಲೊಂದರಲ್ಲಿ, ಮಸಾಲೆ ದೋಸೆ ತಿನ್ನುತ್ತ ಕೂತಾಗ. ಅಪರಾಧಿಗಳು ಸಾಮಾನ್ಯವಾಗಿ ಇಷ್ಟು ಗಿಜಿಗುಟ್ಟುವ ಸ್ಥಳವನ್ನು ಆರಿಸಿಕೊಳ್ಳುವುದಿಲ್ಲ.

ಆದರೂ ಅಪರಾಧ ಅಪರಾಧವೇ. ಅದು ನಡೆದ ಬಗೆಯನ್ನು ಅನುಕ್ರಮವಾಗಿ ನಿವೇದಿಸುತ್ತೇನೆ.

ಹಳೆಯ ಓದುಗರಿಗೆ ನೆನಪಿರಬಹುದು, ಚಾಮರಾಜಪೇಟೆಯ ನಮ್ಮ ಮನೆ ಮುಂದಿನ ಗುಂಡಿಯೊಳಕ್ಕೆ ಬಿದ್ದು ನಾನು ಬಲಗೈ ಮುರಿದುಕೊಂಡದ್ದು. (ಆಗ ವಿಚಾರಿಸಿಕೊಂಡವರಿಗೆಲ್ಲ ಮತ್ತೊಮ್ಮೆ ಕೃತಜ್ಞತೆಗಳು. ಗುಂಡಿಯೂ ಕ್ಷೇಮವಾಗಿದೆ.) ಪ್ಲಾಸ್ಟರ್ ತೆಗೆದ ಮೇಲೆ ಬೆರಳುಗಳು ನನ್ನ ಮಾತು ಕೇಳುವುದನ್ನೇ ಬಿಟ್ಟಿದ್ದವು. ಫಿಸಿಯೋಥೆರಪಿ ಮಾಡಿಸುವ ಹುಡುಗಿ, ದಿನಾ ಸ್ವಲ್ಪ ಹೊತ್ತು ಮಣಿ ಪೋಣಿಸಿ ಅಂಕಲ್, ಬೆರಳು ಸಡಿಲವಾಗುತ್ತೆ ಎಂದಳು. ಜೀವಮಾನವೆಲ್ಲ ಫಿಸಿಕ್ಸ್ ಪಾಠ ಮಾಡಿದ ಮನುಷ್ಯನಿಗೆ ಹೇಳುವ ಮಾತೇ ಇದು?

ಪೋಣಿಸಿದೆ. ಬೇರೆ ದಾರಿಯಿರಲಿಲ್ಲ.

ಮೊದಮೊದಲು ಮಣಿಗಳಿಗೆ ನನ್ನ ಬೆರಳಿಗಿಂತ ಫ್ರಿಜ್ಜಿನ ಅಡಿಯೇ ಹೆಚ್ಚು ಹಿತವಾಗಿತ್ತು. ಆಮೇಲೆ, ಟರ್ಕಿ ಟವೆಲ್ ಹಾಸಿ ಅದರ ಮೇಲೆ ಸುರಿದುಕೊಂಡರೆ ಮಣಿ ಉರುಳುವುದಿಲ್ಲ ಎಂಬ ಜ್ಞಾನೋದಯವಾಯಿತು. ಗಂಟು ಬಿಚ್ಚದಿರಲು ಅದರ ಮೇಲೊಂದು ತೊಟ್ಟು ಬಣ್ಣವಿಲ್ಲದ ನೈಲ್ ಪಾಲಿಶ್ ಹಾಕಬೇಕೆಂಬುದೂ ತಿಳಿಯಿತು. (ಬಿಳಿ ಮೀಸೆಯವನೊಬ್ಬ ಫ್ಯಾನ್ಸಿ ಸ್ಟೋರಿಗೆ ಹೋಗಿ ನೈಲ್ ಪಾಲಿಶ್ ಕೇಳಿದಾಗ ಕೌಂಟರಿನ ಹುಡುಗಿ ಯಾವ ಶೇಡ್ ಎಂದಳು. ಅವಳ ಮುಖದಲ್ಲಿ ಒಂದಿಷ್ಟೂ ಆಶ್ಚರ್ಯವಿರಲಿಲ್ಲ. ಬೆಂಗಳೂರು ಎಷ್ಟು ಮುಂದುವರಿದಿದೆ ಎಂದು ನನಗೆ ಗೊತ್ತಾದದ್ದು ಅವತ್ತು.) ಬೆರಳು ಸರಿಹೋಯಿತು. ಚಟ ಉಳಿದುಕೊಂಡಿತು. ನಿವೃತ್ತ ಗಂಡಸರಿಗೆ ಅಂಟಿಕೊಳ್ಳುವ ಚಟಗಳಲ್ಲಿ ಇದು ಅತ್ಯಂತ ನಿರಪಾಯಕಾರಿ ಎಂದೇ ನಾನು ಕಳೆದ ವಾರದವರೆಗೆ ನಂಬಿದ್ದೆ.

ಹೀಗಿರುವಾಗ ವಸುಂಧರಾ ತಾವು ಮದುವೆಯಾಗುತ್ತಿರುವುದಾಗಿ ಘೋಷಿಸಿದರು.

ವಸುಂಧರಾ ನನ್ನ ಹಳೆಯ ಸ್ನೇಹಿತೆ. ನಾನು ಫಿಸಿಕ್ಸ್, ಅವರು ಜುವಾಲಜಿ. ಸ್ಟಾಫ್ ರೂಮಿನಲ್ಲಿ ಅಕ್ಕಪಕ್ಕದ ಕುರ್ಚಿ. ಇಷ್ಟು ದಿನ ಮದುವೆಯ ಗೋಜಿಗೆ ಹೋಗದವರು, ನಿವೃತ್ತರಾಗುವ ಹೊತ್ತಿಗೆ ಬೆಳಗಿನ ವಾಕಿಂಗಿನಲ್ಲಿ ಪರಿಚಯವಾದ ವೈಯಾಲಿಕಾವಲಿನ ಇಂಜಿನಿಯರೊಬ್ಬರನ್ನು ಒಪ್ಪಿದ್ದರು. ಡಾಕ್ಟರು ವಾಕಿಂಗ್ ಮಾಡಿ ಎಂದು ಸುಮ್ಮನೆ ಹೇಳುವುದಿಲ್ಲ.

ಸಂತೋಷ ಎಂದೆ. ಅಷ್ಟಕ್ಕೆ ಬಿಡಲಿಲ್ಲ. ಅವರ ತಂಗಿಯ ಮಗಳು ಒಂದು ಐಡಿಯಾ ಕೊಟ್ಟಿದ್ದಳಂತೆ. ಈಗ ಎಲ್ಲರ ಮದುವೆಯಲ್ಲೂ ಬ್ರೈಡ್ಸ್‌ಮೇಡ್ಸ್ ಇರುತ್ತಾರೆ, ದೊಡ್ಡಮ್ಮ, ನಿಂಗೂ ಇರ್ಲೇಬೇಕು ಎಂದು. ಮದುಮಗಳ ಸುತ್ತ ಒಂದೇ ಬಣ್ಣದ ಸೀರೆಯುಟ್ಟು, ಒಂದೇ ನಮೂನೆಯ ಸರ ಹಾಕಿಕೊಂಡು ಗೆಳತಿಯರು ನಿಲ್ಲುವುದು. ನಮ್ಮಲ್ಲಿ ಇದಕ್ಕೆ ಕಳಸಗಿತ್ತಿ ಎನ್ನುತ್ತಿದ್ದರು, ಕಳಸ ಹಿಡಿದುಕೊಂಡು ಮದುಮಗಳ ಪಕ್ಕ ನಿಲ್ಲುವ ಹುಡುಗಿ, ಇದರಲ್ಲಿ ಹೊಸದೇನು ಎಂದು ನಾನು ಆಕ್ಷೇಪವೆತ್ತಿದೆ. ಹೊಸದೇನೆಂದರೆ ನಾಲ್ಕು ಜನ, ಮತ್ತು ಸರ ಮಾಡಿಕೊಡುವವರು ನೀವು ಎಂದರು ವಸುಂಧರಾ.

ಆ ನಾಲ್ವರಲ್ಲಿ ಮೂವರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹಿಸ್ಟರಿಯ ನಾಗರತ್ನ ಮೇಡಂ, ಮದುವೆಯಾಗದವರು, ಮೈಕ್ ಇಲ್ಲದೆ ಆಡಿಟೋರಿಯಂ ನಿಭಾಯಿಸಬಲ್ಲವರು. ಕಾಮರ್ಸಿನ ಶೈಲಜಾ. ಆಫೀಸಿನ ಗೀತಾ. ಇವರಿಬ್ಬರೂ ಗಂಡ ಮಕ್ಕಳು ಮೊಮ್ಮಕ್ಕಳೆಂದು ಸಂಸಾರದಲ್ಲಿ ಮುಳುಗಿರುವವರು.

ನಾಲ್ಕನೆಯವರು ಲೈಬ್ರರಿಯ ಇಂದಿರಾ ಮೇಡಂ. ಅವರ ಯಜಮಾನರು ಹೋಗಿ ಎರಡು ವರ್ಷವಾಯಿತು. ಅಂದಿನಿಂದ ಅವರು ಮದುವೆಗಳಿಗೆ ಬರುವ ರೀತಿಯೇ ಬೇರೆ. ಬರುತ್ತಾರೆ, ಕೊನೆಯ ಸಾಲಿನಲ್ಲಿ ಕೂರುತ್ತಾರೆ, ಮೊದಲ ಪಂಕ್ತಿಯಲ್ಲಿ ಉಂಡು ಹೊರಡುತ್ತಾರೆ. ಮಧ್ಯೆ ಆರತಿಯ ಹೊತ್ತಿಗೆ ಸರಿಯಾಗಿ ಅವರಿಗೊಂದು ಫೋನ್ ಬರುತ್ತದೆ. ಕಿವಿಗೆ ಹಿಡಿದುಕೊಂಡು ಹೊರಗೆ ಹೋಗುತ್ತಾರೆ. ಯಾರೂ ಅವರನ್ನು ಹೊರಗೆ ಹೋಗಿ ಎಂದಿಲ್ಲ. ಯಾರಾದರೂ ಅನ್ನುವ ಪ್ರಸಂಗವೇ ಬರಬಾರದೆಂದು ಅವರಾಗಿಯೇ ಮಾಡಿಕೊಂಡ ಏರ್ಪಾಡು ಅದು. ಆ ಫೋನ್ ಯಾರದೆಂದು ನಾವು ಯಾರೂ ಕೇಳಿದವರಲ್ಲ. ಸಭ್ಯರಲ್ಲವೇ?

ವಸುಂಧರಾಗೆ ಆ ಫೋನಿನ ಮೇಲೆ ಬಹಳ ದಿನದಿಂದ ಸಿಟ್ಟಿತ್ತು. ಕಳಸ ಹಿಡಿಯುವುದು ನೀನೇ ಎಂದು ಇಂದಿರಾ ಮೇಡಂ ಮನೆಗೆ ಹೋಗಿ ಕೂತರು. ಅವರು ಆಗುವುದಿಲ್ಲ ಎಂದರು. ಇವರು, ಹಾಗಾದರೆ ಛತ್ರವೂ ಬೇಡ, ಊಟವೂ ಬೇಡ, ರಿಜಿಸ್ಟರ್ ಆಫೀಸಿನಲ್ಲಿ ಸಹಿ ಹಾಕಿ ಬರುತ್ತೇನೆ ಎಂದರು. ವಾರಗಟ್ಟಲೆ ಎಳೆದಾಡಿದ ಮೇಲೆ ಇಂದಿರಾ ಮೇಡಂ ಒಪ್ಪಿದರು. ಒಂದು ಷರತ್ತು ಹಾಕಿದರು. ಅದನ್ನು ವಸುಂಧರಾ ನನಗೆ ಅವರದೇ ಮಾತಿನಲ್ಲಿ ಒಪ್ಪಿಸಿದರು: "ನನ್ನನ್ನ ಯಾರೂ ಸ್ಪೆಷಲ್ ಆಗಿ ನೋಡ್ಕೋಬಾರ್ದು. ನಾಲ್ಕರಲ್ಲಿ ಒಬ್ಳು, ಅಷ್ಟೆ."

ಹೀಗೆ ಹೇಳಿ ವಸುಂಧರಾ ನನಗೆ ಎಚ್ಚರಿಕೆಯನ್ನೂ ಕೊಟ್ಟರು. "ಮೂರ್ತಿ, ಅವಳು ಒಪ್ಪಿರೋದೇ ದೊಡ್ಡದು. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಮತ್ತೆ ಕೊನೇ ಸಾಲಿಗೆ ಹೋಗಿ ಕೂತ್ಬಿಡ್ತಾಳೆ. ನಾನು ಸ್ಟೇಜ್ ಮೇಲೆ ಅತ್ಬಿಡ್ತೀನಿ, ಮೇಕಪ್ ಹಾಳಾಗತ್ತೆ."

ಸರದ ವಿಷಯದಲ್ಲಿ ಹೆಚ್ಚುಕಮ್ಮಿ ಆಗಲು ಏನಿದೆ ಎಂದು ನಾನು ಧೈರ್ಯ ಹೇಳಿದೆ. ನಾಲ್ವರಿಗೂ ಒಂದೇ ಉದ್ದ, ಒಂದೇ ತೂಕ, ಒಂದೇ ವಿನ್ಯಾಸ. ಸಮಾನತೆ ಅಂದರೆ ಇದಕ್ಕಿಂತ ಬೇಕೆ?

ಸೀರೆ ಚೆಂಡುಹೂವಿನ ಬಣ್ಣ ಎಂದು ತೀರ್ಮಾನವಾಗಿತ್ತು. ಆ ಹಳದಿಯ ಮೇಲೆ ಎದ್ದು ಕಾಣುವುದು ಯಾವುದು? ಮಾಮೂಲ್‌ಪೇಟೆಯ ಮಣಿ ಅಂಗಡಿಯಲ್ಲಿ ಬಹಳ ಹೊತ್ತು ನಿಂತು, ಬೆಳಕಿನ ಗುಣಗಳನ್ನು ಮನಸ್ಸಿನಲ್ಲಿ ಪರಾಮರ್ಶಿಸಿ, ಕಪ್ಪು ಎಂಬ ನಿರ್ಣಯಕ್ಕೆ ಬಂದೆ. ಕಪ್ಪು ಗಾಜಿನ ಸಣ್ಣ ಮಣಿ. ನಡುನಡುವೆ ಹವಳದಂಥ ಕೆಂಪು. ಅಲ್ಲೊಂದು ಇಲ್ಲೊಂದು ಬಂಗಾರದ ಬಣ್ಣದ ಗುಂಡು.

ಮನೆಗೆ ಬಂದು ಟವೆಲ್ ಹಾಸಿ ಜೋಡಿಸಿ ನೋಡಿದೆ. ಎರಡೆಳೆ ಕಪ್ಪು, ಒಂದು ಕೆಂಪು, ಒಂದು ಗುಂಡು, ಮತ್ತೆ ಎರಡೆಳೆ ಕಪ್ಪು. ನೋಡಿದ ಕೂಡಲೇ, ಹೌದು, ಇದು ಹೀಗೆಯೇ ಇರಬೇಕು ಎಂದು ಒಳಗಿನಿಂದ ಯಾರೋ ಹೇಳಿದ ಹಾಗಾಯಿತು. ಎಷ್ಟೋ ಕಾಲದಿಂದ ಪರಿಚಯವಿದ್ದ ಹಾಗೆ. ಕಲಾವಿದರಿಗೆ ಇಂಥ ಗಳಿಗೆಗಳು ಬರುತ್ತವೆ ಎಂದು ಕೇಳಿದ್ದೆ. ನನಗೂ ಬಂತಲ್ಲ ಎಂದು ಒಬ್ಬನೇ ಕೂತು ಧನ್ಯನಾದೆ.

ಒಬ್ಬನೇ, ಯಾಕೆಂದರೆ ಹೆಂಡತಿ ಲಲಿತ ಮೈಸೂರಿನಲ್ಲಿದ್ದಳು. ಅವಳ ಅಕ್ಕನಿಗೆ ಮಂಡಿಯ ಆಪರೇಷನ್. ಮದುವೆಯ ಹಿಂದಿನ ಸಂಜೆ ಬರುವುದೆಂದು ಆಗಿತ್ತು. ಅದೇ ದಿನ ಮಧ್ಯಾಹ್ನ ನಾನು ನಾಲ್ಕು ಡಬ್ಬಿ ಹಿಡಿದು ಮಲ್ಲೇಶ್ವರಕ್ಕೆ ಹೋದೆ. ಮದುಮಗಳು ಪಾರ್ಲರಿನಲ್ಲಿದ್ದರು. ಉಳಿದ ನಾಲ್ವರು ಹೋಟೆಲಿಗೆ ಬಂದಿದ್ದರು.

ಡಬ್ಬಿಗಳು ತೆರೆದವು. ಟೇಬಲ್ಲಿನಲ್ಲಿ ಒಂದು ಕ್ಷಣ ಪೂರ್ತಿ ಮೌನ. ನಾಗರತ್ನ ಮೇಡಂ ಕೂಡ ಸುಮ್ಮನಾದರು ಎಂದರೆ ಊಹಿಸಿಕೊಳ್ಳಿ. ಕಲೆಯ ಎದುರು ಮಾತು ಹೊರಡದೆ ಮೂಕರಾಗಿದ್ದಾರೆ ಎಂದು ನಾನು ಭಾವಿಸಿದೆ. ಆಮೇಲೆ ಶೈಲಜಾ, ತುಂಬಾ ಚೆನ್ನಾಗಿದೆ ಸರ್ ಎಂದರು, ಆದರೆ ನೋಡಿದ್ದು ಸರವನ್ನಲ್ಲ, ಗೀತಾರನ್ನು. ಇಂದಿರಾ ಮೇಡಂ ಡಬ್ಬಿ ಮುಚ್ಚಿ ಬ್ಯಾಗಿನಲ್ಲಿಟ್ಟುಕೊಂಡು, ಇನ್ನೊಂದು ಸ್ವಲ್ಪ ಚಟ್ನಿ ಬೇಕು ಎಂದು ಸಪ್ಲೈಯರನ್ನು ಕರೆದರು. ನಾನು ಬೀಗುತ್ತ ಮನೆಗೆ ಬಂದೆ.

ಸಂಜೆ ಲಲಿತ ಬಂದಳು. ಬ್ಯಾಗ್ ಇಳಿಸಿ, ನೀರು ಕುಡಿದು, ಕ್ಯಾಲೆಂಡರಿನ ಮೊಳೆಗೆ ನಾನು ತೂಗುಹಾಕಿದ್ದ ಸ್ಯಾಂಪಲ್ ಸರವನ್ನು ನೋಡಿದಳು. (ಮೊದಲು ಒಂದು ಟ್ರಯಲ್ ಮಾಡಿ ನೋಡುವುದು ನನ್ನ ಪದ್ಧತಿ. ವಿಜ್ಞಾನದವನು.) ಇದು ಯಾರದು ಎಂದಳು. ನಾನು ಹೆಮ್ಮೆಯಿಂದ, ಇಂಥದ್ದೇ ನಾಲ್ಕು, ನಾಲ್ವರಿಗೂ ಮಧ್ಯಾಹ್ನವೇ ಕೊಟ್ಟು ಬಂದೆ ಎಂದೆ.

ಅವಳು ತನ್ನ ಕತ್ತಿನಲ್ಲಿದ್ದದ್ದನ್ನು ಸೆರಗಿನೊಳಗಿನಿಂದ ಹೊರಗೆಳೆದು, ಸ್ಯಾಂಪಲ್ಲಿನ ಪಕ್ಕದಲ್ಲಿ ಹಿಡಿದಳು.

ಎರಡೆಳೆ ಕಪ್ಪು, ಒಂದು ಕೆಂಪು, ಒಂದು ಗುಂಡು, ಮತ್ತೆ ಎರಡೆಳೆ ಕಪ್ಪು.

"ನಂಗೆ ಕಟ್ಟಿದ್ದು ಸಾಲ್ದೂ ಅಂತ ಇನ್ನೂ ನಾಲ್ಕು ಜನಕ್ಕಾ?" ಎಂದಳು.

ನನ್ನ ಪ್ರತಿಭೆಯ ಮೂಲ ಸಿಕ್ಕಿತು. ಮದುವೆಯಾದ ದಿನದಿಂದ ಬೆಳಗಿನ ಕಾಫಿ ಲೋಟ ನನ್ನ ಮುಂದಿಡುವಾಗಲೆಲ್ಲ ಆ ಸರ ನನ್ನ ಮೂಗಿನ ನೇರಕ್ಕೆ ತೂಗಾಡಿದೆ. ಕಣ್ಣು ನೋಡಿದೆ, ತಲೆ ನೋಡಿಲ್ಲ. ಗಂಡಸರು ಹೆಂಡತಿಯ ಕತ್ತಿನಲ್ಲಿರುವುದನ್ನು ನಿಜವಾಗಿ ನೋಡುವುದು ಯಾವಾಗ? ಸರಗಳ್ಳರ ಸುದ್ದಿ ಪೇಪರಿನಲ್ಲಿ ಬಂದಾಗ.

ಮೊದಲಿಗೆ ನನಗೆ ನಗು ಬಂತು. ಲಲಿತಳಿಗೆ ಬರಲಿಲ್ಲ. ಶೈಲಜಾ, ಗೀತಾ ಬಿಡಿ, ಅವರಿಗೆ ಮನೆಯಲ್ಲಿ ಒಂದಿದೆ, ಇದು ಇನ್ನೊಂದು. ನಾಗರತ್ನ ಜೋಕ್ ಮಾಡುತ್ತಾಳೆ. ಆದರೆ ಇಂದಿರಾ? ಗಂಡ ಹೋದ ಮೇಲೆ ಅವರು ತೆಗೆದಿಟ್ಟದ್ದನ್ನು ನೀವು ಡಬ್ಬಿಯಲ್ಲಿಟ್ಟು ದೋಸೆ ಹೋಟೆಲಿನಲ್ಲಿ ಕೈಗೆ ಕೊಟ್ಟಿದ್ದೀರಿ ಎಂದಳು.

ನನ್ನ ನಗು ಅಲ್ಲಿಗೆ ನಿಂತಿತು.

ನಾವಿಬ್ಬರು ತುರ್ತು ಸಭೆ ಸೇರಿದೆವು. ಇಂದಿರಾ ಮೇಡಂಗೆ ಫೋನ್ ಮಾಡಿ ತಪ್ಪಾಯಿತು ಎನ್ನೋಣವೇ? ಹಾಗೆಂದರೆ ಅವರೊಬ್ಬರಿಗೇ ಫೋನ್ ಮಾಡಿದಂತಾಯಿತು, ಸ್ಪೆಷಲ್ ಆಯಿತು, ಷರತ್ತು ಮುರಿಯಿತು. ವಸುಂಧರಾಗೆ ಹೇಳೋಣವೇ? ಮದುವೆಯ ಹಿಂದಿನ ಸಂಜೆ ಮದುಮಗಳಿಗೆ ಹೇಳುವ ಸುದ್ದಿಯೇ ಇದು? ಇದು ಆ ಅರ್ಥದ ಕರಿಮಣಿಯಲ್ಲ, ದೃಷ್ಟಿಮಣಿ, ಎಳೆ ಮಗುವಿನ ಕೈಗೆ ಕಟ್ಟುತ್ತಾರಲ್ಲ ಅದು ಎಂದು ಹೇಳಿಬಿಡಲೇ ಎಂದು ನಾನೊಂದು ಸಲಹೆ ಮುಂದಿಟ್ಟೆ. ವಾಸ್ತವವಾಗಿ ಮಣಿ ಒಂದೇ ತಾನೇ? ಅರವತ್ತು ವರ್ಷದವರಿಗೆ ಯಾರ ದೃಷ್ಟಿ ತಾಗುತ್ತೆ, ಸುಮ್ನಿರಿ ಎಂದು ಸಲಹೆಯನ್ನು ತಳ್ಳಿಹಾಕಲಾಯಿತು.

ಕೊನೆಗೆ ಲಲಿತಳೇ ಒಂದು ದಾರಿ ಹುಡುಕಿದಳು. ಉಳಿದಿದ್ದ ಕೆಂಪು ಮಣಿ, ಬಂಗಾರದ ಗುಂಡು ಸೇರಿಸಿ, ಕಪ್ಪು ಒಂದೂ ಇಲ್ಲದ ಇನ್ನೊಂದು ಸರವನ್ನು ಕೂಡಲೇ ಮಾಡುವುದು. ಅದನ್ನು ನಾನು ಜೇಬಿನಲ್ಲಿಟ್ಟುಕೊಂಡು ಹೋಗುವುದು. ಇಂದಿರಾ ಮೇಡಂ ಬರಿಗತ್ತಿನಲ್ಲಿ ಬಂದರೆ, ಮೇಡಂ, ನಿಮ್ಮ ಸರದ ಗಂಟಿನಲ್ಲಿ ಏನೋ ದೋಷವಿತ್ತು, ಇದು ಹಾಕಿಕೊಳ್ಳಿ ಎಂದು ಕೈಗಿಡುವುದು. ಅವರು ಬರದೇ ಇದ್ದರೆ? ಆ ವಿಷಯವನ್ನು ಸಭೆ ಮುಂದೂಡಿತು.

ಅವತ್ತು ಪೋಣಿಸುವಾಗ ನನ್ನ ಬೆರಳುಗಳು ಮತ್ತೆ ಪ್ಲಾಸ್ಟರ್ ತೆಗೆದ ದಿನದ ಹಾಗೆ ವರ್ತಿಸಿದವು.

ಬೆಳಿಗ್ಗೆ ಮಲ್ಲೇಶ್ವರದ ಆ ಸಣ್ಣ ಛತ್ರದ ಬಾಗಿಲಲ್ಲಿ ನಾನು ಪನ್ನೀರು ಚಿಮುಕಿಸುವವರಿಗಿಂತ ಮೊದಲೇ ನಿಂತಿದ್ದೆ. ಕೈ ಜೇಬಿನಲ್ಲಿ. ಮೊದಲು ನಾಗರತ್ನ ಮೇಡಂ ಬಂದರು. ಚೆಂಡುಹೂವಿನ ಬಣ್ಣದ ಸೀರೆ, ಮಲ್ಲಿಗೆ, ಬಳೆ, ಎಲ್ಲ ಇದೆ. ನನ್ನ ಸರ ಇಲ್ಲ. ಹಿಂದೆಯೇ ಶೈಲಜಾ. ಸರ ಇಲ್ಲ. ಆಮೇಲೆ ಗೀತಾ. ಇಲ್ಲ. ಮೂವರೂ ನನಗೆ ನಮಸ್ಕಾರ ಹೇಳಿ, ಆಸ್ಪತ್ರೆಯಲ್ಲಿ ರೋಗಿಯನ್ನು ನೋಡುವ ಹಾಗೆ ನೋಡಿ ಒಳಗೆ ಹೋದರು.

ಲಲಿತ ಅವರ ಹಿಂದೆ ಹೋಗಿ ತನಿಖೆ ನಡೆಸಿ ಬಂದಳು. ಹೋಟೆಲಿನಿಂದ ಹೊರಬಿದ್ದ ಕೂಡಲೇ ಮೂವರೂ, ಇಂದಿರಾ ಮೇಡಂ ಒಬ್ಬರನ್ನು ಬಿಟ್ಟು, ಪರಸ್ಪರ ಫೋನ್ ಮಾಡಿಕೊಂಡಿದ್ದರಂತೆ. ಅವರಂತೂ ಅದನ್ನು ಹಾಕಿಕೊಂಡು ಬರುವುದಿಲ್ಲ. ನಾವು ಹಾಕಿಕೊಂಡು ಬಂದರೆ ಅವರಿಗೆ ನೋವು. ಆದ್ದರಿಂದ ಯಾರೂ ಹಾಕಿಕೊಳ್ಳುವುದು ಬೇಡ, ಮೂರ್ತಿ ಸರ್‌ಗೆ ಏನಾದರೊಂದು ಹೇಳಿದರಾಯಿತು. ಹೀಗೆ ನಿರ್ಣಯ ಅಂಗೀಕಾರವಾಗಿತ್ತು.

ಸರಿಯಾದ ನಿರ್ಣಯ ಎನ್ನಿಸಿತು. ನಿಮಗೂ ಅನ್ನಿಸುವುದಿಲ್ಲವೇ? ನಾವೆಲ್ಲ ಎಷ್ಟು ಒಳ್ಳೆಯವರು.

ನಾದಸ್ವರ ಶುರುವಾಗಿ, ಪುರೋಹಿತರು ಎರಡು ಸಲ ಗಡಿಯಾರ ನೋಡಿಕೊಂಡ ಮೇಲೆ ಗೇಟಿನಲ್ಲಿ ಆಟೋ ನಿಂತಿತು. ಇಂದಿರಾ ಮೇಡಂ ಇಳಿದರು. ಚಿಲ್ಲರೆ ಇಸಿದುಕೊಂಡರು. ಸೆರಗು ಸರಿಮಾಡಿಕೊಂಡು ತಿರುಗಿದರು.

ಹಳದಿಯ ಮೇಲೆ ಕಪ್ಪು ಎಷ್ಟು ಚೆನ್ನಾಗಿ ಎದ್ದು ಕಾಣುತ್ತದೆ ಎಂಬ ನನ್ನ ಲೆಕ್ಕಾಚಾರ ನೂರಕ್ಕೆ ನೂರು ಸರಿಯಾಗಿತ್ತು. ಗೇಟಿನಿಂದಲೇ ಕಾಣಿಸಿತು.

ನಾನು ಉಸಿರು ಬಿಡುವಷ್ಟರಲ್ಲಿ ಅವರು ಮೆಟ್ಟಿಲು ಹತ್ತಿ, ಬಾಗಿಲ ಬಳಿಯೇ ಕಾಯುತ್ತಿದ್ದ ಮೂವರನ್ನು ನೋಡಿದರು. ಒಬ್ಬೊಬ್ಬರ ಕತ್ತನ್ನೂ ನಿಧಾನವಾಗಿ ನೋಡಿದರು. ನಿಮ್ಮದೆಲ್ಲಿ ಎಂದು ಕೇಳಿದರು.

ನಾಗರತ್ನ ಮೇಡಂ ತಮಗೆ ಗಾಜಿನ ಮಣಿ ಅಲರ್ಜಿ ಎಂದರು. ಶೈಲಜಾ ಬಸವನಗುಡಿಯ ಮನೆಯಲ್ಲೇ ಮರೆತು ಬಂದೆ ಎಂದರು. ಗೀತಾ ನನ್ನ ಕಡೆ ಕ್ಷಮೆ ಕೇಳುವಂತೆ ನೋಡಿ, ಹುಕ್ ಸರಿಯಾಗಿರಲಿಲ್ಲ, ಬಿಚ್ಚಿಕೊಂಡುಬಿಟ್ಟಿತು ಎಂದರು. (ನನ್ನ ಹುಕ್ ಬಿಚ್ಚಿಕೊಂಡಿತಂತೆ! ಎಂಥ ಸಂಕಟದಲ್ಲೂ ಕುಶಲಕರ್ಮಿಗೆ ಆತ್ಮಗೌರವ ಎಂಬುದೊಂದು ಇರುತ್ತದೆ.)

ಇಂದಿರಾ ಮೇಡಂ ಮೂರೂ ಹೇಳಿಕೆಗಳನ್ನು, ತಡವಾಗಿ ಪುಸ್ತಕ ಹಿಂದಿರುಗಿಸುವ ವಿದ್ಯಾರ್ಥಿಗಳ ಮಾತು ಕೇಳುವ ಹಾಗೆ ಕೇಳಿಸಿಕೊಂಡರು.

"ನಾಲ್ಕರಲ್ಲಿ ಒಬ್ಳು ಅಂತ ತಾನೇ ನಾನು ಒಪ್ಕೊಂಡಿದ್ದು?" ಎಂದರು. "ಈಗ ನೋಡಿ, ಒಬ್ಳೇ ಆಗ್ಬಿಟ್ಟೆ."

ನಾದಸ್ವರದವರು ಒಂದು ಬಿಡುವು ತೆಗೆದುಕೊಂಡರು. ಆ ನಿಶ್ಶಬ್ದದಲ್ಲಿ ಒಂದು ಜಿಪ್ ಎಳೆದ ಸದ್ದು ಕೇಳಿಸಿತು. ನಾಗರತ್ನ ಮೇಡಂ ಬ್ಯಾಗಿನದು. ಡಬ್ಬಿ ಅದರೊಳಗೇ ಇತ್ತು. ಆಮೇಲೆ ಇನ್ನೊಂದು ಜಿಪ್. ಮತ್ತೊಂದು. ಮೂವರೂ, ಯಾವುದಕ್ಕೂ ಇರಲಿ ಎಂದು, ತಂದೇ ಇದ್ದರು. ಅಲರ್ಜಿ ವಾಸಿಯಾಯಿತು. ಬಸವನಗುಡಿಯ ಮನೆಯಲ್ಲಿ ಮರೆತದ್ದು ಮಲ್ಲೇಶ್ವರದಲ್ಲಿ ಸಿಕ್ಕಿತು. ಹುಕ್ ಯಾರೂ ಮುಟ್ಟದೆಯೇ ರಿಪೇರಿಯಾಯಿತು. ಒಬ್ಬರ ಕೊರಳಿಗೊಬ್ಬರು ಸರ ಹಾಕಿಕೊಳ್ಳುವಾಗ ನಾಗರತ್ನ ಮೇಡಂ, "ಇಷ್ಟ್ ವರ್ಷ ತಪ್ಪಿಸ್ಕೊಂಡು ಓಡಾಡ್ತಿದ್ದೆ, ಕೊನೆಗೂ ಫಿಸಿಕ್ಸ್ ಡಿಪಾರ್ಟ್‌ಮೆಂಟ್‌ನಿಂದ ಬಂತಲ್ಲಪ್ಪ," ಎಂದು ಇಡೀ ಛತ್ರಕ್ಕೆ ಕೇಳಿಸುವಂತೆ ಪಿಸುಗುಟ್ಟಿದರು.

ನಾನು ಇಂದಿರಾ ಮೇಡಂ ಹತ್ತಿರ ಹೋಗಿ, ಮೇಡಂ, ಅದು, ಬಣ್ಣದ ವಿಚಾರದಲ್ಲಿ ನಾನು ಯೋಚನೆ ಮಾಡದೆ ಎಂದು ಶುರುಮಾಡಿದೆ. ವಾಕ್ಯ ಎಲ್ಲಿಗೂ ಹೋಗಲಿಲ್ಲ.

"ಮನೇಲಿ ಡಬ್ಬಿ ತೆಗೆದು ಸ್ವಲ್ಪ ಹೊತ್ತು ಕೈಯಲ್ಲಿ ಹಿಡ್ಕೊಂಡು ಕೂತಿದ್ದೆ, ಸರ್," ಎಂದರು ಅವರು. "ಆಮೇಲೆ ಸೀರೆ ಮೇಲೆ ಇಟ್ಟು ನೋಡಿದೆ. ಒಪ್ತು."

ಅಷ್ಟೇ. ಕಳಸ ತೆಗೆದುಕೊಂಡು ಒಳಗೆ ಹೋದರು.

ಒಂದು ಸಂಜೆ, ಒಂದು ಬೆಳಿಗ್ಗೆ, ಒಟ್ಟು ಐದು ಜನ, ಒಬ್ಬರ ಮನಸ್ಸು ನೋಯಬಾರದೆಂದು ಸಭೆ ಸೇರಿದ್ದೆವು, ಗುಟ್ಟಾಗಿ ಫೋನ್ ಮಾಡಿದ್ದೆವು, ಅಲರ್ಜಿ ಬರಿಸಿಕೊಂಡಿದ್ದೆವು, ಬದಲಿ ಸರ ಪೋಣಿಸಿದ್ದೆವು. ಮೇಡಂ, ಇದು ನಿಮಗೆ ಆಗುತ್ತದಾ ಎಂಬ ಮಾತೊಂದನ್ನು ಬಿಟ್ಟು ಬೇರೆಲ್ಲವನ್ನೂ ಮಾಡಿದ್ದೆವು. ಅವರ ಪರವಾಗಿ ನಾವೇ ನೊಂದುಕೊಂಡು, ಅವರ ಪರವಾಗಿ ನಾವೇ ತೀರ್ಮಾನಿಸಿ, ಆ ತೀರ್ಮಾನವನ್ನು ಅವರಿಗೆ ಗೊತ್ತಾಗದಂತೆ ಜಾರಿಗೆ ತರುವುದಕ್ಕೆ ನಮ್ಮ ಕಡೆ ದಾಕ್ಷಿಣ್ಯ ಎಂಬ ಒಳ್ಳೆಯ ಹೆಸರಿದೆ. ಆರತಿಯ ಹೊತ್ತಿಗೆ ಬರುವ ಆ ಫೋನ್ ಯಾರದೆಂದು ಎರಡು ವರ್ಷ ಕೇಳದೇ ಇದ್ದದ್ದೂ ಇದೇ ದಾಕ್ಷಿಣ್ಯ.

ಮದುವೆ ಸಾಂಗವಾಗಿ ನಡೆಯಿತು. ವಸುಂಧರಾ ಮೇಕಪ್ಪಿನ ಸಮೇತ ಬಂದು ಹಸೆಯ ಮೇಲೆ ಕೂತರು. ಸುತ್ತ ನಾಲ್ವರು ನಿಂತಾಗ ನಾನು ಕೆಳಗಿನಿಂದ ನೋಡಿದೆ. ಇಡೀ ಮಂಟಪದಲ್ಲಿ ಕರಿಮಣಿ ಇಲ್ಲದವಳು ಮದುಮಗಳು ಒಬ್ಬಳೇ. ವಸುಂಧರಾಗೂ ಆಗ ಕಣ್ಣಿಗೆ ಬಿತ್ತು. ನಾಲ್ವರನ್ನೂ ನೋಡಿ, ನನ್ನನ್ನು ಹುಡುಕಿ, ದುರುಗುಟ್ಟಿದರು. ಮತ್ತೆ ಕಳಸ ಹಿಡಿದು ನಿಂತಿದ್ದ ಇಂದಿರಾ ಮೇಡಂ ಮುಖ ನೋಡಿದರು. ಆ ಮುಖದಲ್ಲಿ ಏನು ಕಂಡರೋ, ದುರುಗುಟ್ಟುವುದನ್ನು ಬಿಟ್ಟು ಇಂಜಿನಿಯರ ಕಿವಿಯಲ್ಲಿ ಏನೋ ಹೇಳಿದರು. ಅದೇನೆಂದು ಆಮೇಲೆ ವಿಚಾರಿಸಿದೆ. "ಬೇಗ ಕಟ್ಟಿ, ನನ್ನ ಮದುವೇಲಿ ನಾನೇ ಲಾಸ್ಟ್ ಆಗ್ಬಿಟ್ಟಿದೀನಿ" ಎಂದಿದ್ದರಂತೆ.

ಮುಂದಿನ ಸಾಲಿನಲ್ಲಿ ವಸುಂಧರಾ ಅವರ ವಯಸ್ಸಾದ ಸೋದರತ್ತೆ ಕೂತಿದ್ದರು. ಯಾರು ಎಲ್ಲಿ ನಿಲ್ಲಬೇಕು, ಯಾರು ನಿಲ್ಲಬಾರದು ಎಂಬ ಶಾಸ್ತ್ರದಲ್ಲಿ ಪಾರಂಗತರು. ಅವರು ಮಂಟಪದ ಕಡೆ ನೋಡಿ ಬಾಯಿ ತೆರೆದರು. ಒಬ್ಬೊಬ್ಬರ ಕತ್ತನ್ನೂ ನೋಡಿದರು. ಎಲ್ಲ ಒಂದೇ. ಯಾರು ಏನು ಎಂದು ಲೆಕ್ಕ ಹಾಕಲು ಹೋಗಿ, ತಾಳೆಯಾಗದೆ, ಬಾಯಿ ಮುಚ್ಚಿ, ಊಟ ಎಷ್ಟು ಹೊತ್ತಿಗೆ ಎಂದು ಪಕ್ಕದವರನ್ನು ಕೇಳಿದರು. ನನ್ನ ತಪ್ಪಿನಿಂದ ಲೋಕಕ್ಕಾದ ಒಂದೇ ಒಂದು ಉಪಕಾರ ಇದು. ಇದರ ಕೀರ್ತಿಯನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ.

ಆರತಿ ಶುರುವಾಯಿತು. ಇಂದಿರಾ ಮೇಡಂ ತಮ್ಮ ಬ್ಯಾಗನ್ನು ಲಲಿತಳ ಕೈಗೆ ಕೊಟ್ಟಿದ್ದರು. ನೀವು ನಂಬದಿದ್ದರೂ ಹೇಳುತ್ತೇನೆ, ಆಗಲೇ ಅದರೊಳಗೆ ಫೋನ್ ಬಡಿದುಕೊಂಡಿತು. ನಿಜವಾದ ಫೋನ್. ಲಲಿತ ಬ್ಯಾಗನ್ನು ಎತ್ತಿ ತೋರಿಸಿದಳು. ಮಂಟಪದ ಮೇಲಿನಿಂದ ಇಂದಿರಾ ಮೇಡಂ ನೋಡಿದರು, ಬಡಿದುಕೊಳ್ಳಲಿ ಬಿಡಿ ಎನ್ನುವಂತೆ ತಲೆ ಅಲ್ಲಾಡಿಸಿ, ಆರತಿಯ ತಟ್ಟೆಯ ಇನ್ನೊಂದು ಅಂಚನ್ನು ಹಿಡಿದುಕೊಂಡರು.

ನಾನು ಎರಡು ಸಲ ಹೋಳಿಗೆ ಹಾಕಿಸಿಕೊಂಡೆ. ಹಿಂದಿನ ರಾತ್ರಿ ಊಟದ ಹೊತ್ತೆಲ್ಲ ಮಣಿ ಪೋಣಿಸುವುದರಲ್ಲೇ ಕಳೆದಿತ್ತು.

ವಾಪಸು ಬರುವಾಗ ಆಟೋದಲ್ಲಿ ಜೇಬಿಗೆ ಕೈ ಹಾಕಿದೆ. ಕೆಂಪು ಮಣಿಯ ಆ ಬದಲಿ ಸರ ಅಲ್ಲೇ ಇತ್ತು. ಸುಮ್ಮನೆ ಲಲಿತಳ ಮಡಿಲಿಗೆ ಹಾಕುವವನಿದ್ದೆ, ನಿಲ್ಲಿಸಿದೆ. ಈಗಷ್ಟೇ ಕಲಿತ ಪಾಠ. ಇದು ನಿನಗೆ ಬೇಕಾ ಎಂದು ಕೇಳಿದೆ.

ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿ, ಗಂಟು ಪರೀಕ್ಷಿಸಿ, ನನ್ನ ಕೈಗೇ ವಾಪಸು ಕೊಟ್ಟಳು. ಇದು ಬೇಡವಂತೆ. ಆ ನಾಲ್ವರಿಗೆ ಕೊಟ್ಟೆನಲ್ಲ, ಅಂಥದ್ದೇ ಬೇಕಂತೆ.

ನಿನ್ನ ಕತ್ತಿನಲ್ಲಿ ಆಗಲೇ ಅಂಥದ್ದೊಂದು ಇದೆಯಲ್ಲ ಎಂದೆ.

"ಇದು ಪುರೋಹಿತರು ಕಟ್ಟಿ ಅಂದಿದ್ದಕ್ಕೆ ಕಟ್ಟಿದ್ದು," ಎಂದಳು. "ನೀವಾಗೇ ಯಾವತ್ತು ಮಾಡ್ಕೊಡ್ತೀರ?"